ರೊಕ್ಕ ಬಂದ್‌ನವರ ಎರಡನೆಯ ರೊಟ್ಟಿ

ನನ್ನ ಮೊಮ್ಮಗಳ ಎರಡನೆಯ ಆಲ್ಬಮ್ ಬಂತು. ನಿನ್ನೆ ಮುಂಜಾನೆ ಹತ್ತೂವರೆಯ ವಿಜಾಪುರದ ಬಸ್ಸಿಗೆ ಬಂತು. ಕಂಡಕ್ಟರ್ ತನ್ನ ಚರ್ಮದ ಚೀಲದಿಂದ ಹುಷಾರಾಗಿ ತೆಗೆದು, "ಆಯಿ, ಬಗ್ಗಸಬ್ಯಾಡ್ರಿ ಅಂತ ಹೇಳ್ಯಾಳ ನಿಮ್ಮ ಸುಮಿ" ಎಂದು ಕೈಗಿಟ್ಟ. ಅದರ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ "ಡ್ರಮ್ಸ್: ಸುಮಂಗಲಾ, ಸಿಂದಗಿ" ಎಂದು ಅಚ್ಚಾಗಿದೆ. ನಾನು ಮೂರನೇ ಇಯತ್ತೆಯವರೆಗೆ ಓದಿದವಳು, ಬೆರಳಿಟ್ಟು ಓದುವವಳು. ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವುದರೊಳಗೆ ಬೆರಳಿಟ್ಟು ಬೆರಳಿಟ್ಟು ಆ ಜಾಗವೇ ಮಸುಕಾಯಿತು.

ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ. ಹಿಟ್ಟಿನ ಗಿರಣಿಯವನಿಗೆ ತೋರಿಸಿದೆ. ಬಾಳೆಹಣ್ಣಿನ ಗಾಡಿಯವಳಿಗೆ ತೋರಿಸಿದೆ. ಗುರುತೇ ಇಲ್ಲದ ಒಬ್ಬ ದೊಡ್ಡ ಮನುಷ್ಯರಿಗೂ ತೋರಿಸಿದೆ. ಅವರು ಪಾಪ, "ಯಾರ ಲಗ್ನರೀ?" ಎಂದು ಕೇಳಿದರು. ಮನೆಗೆ ಬಂದು ಚಹಾಕ್ಕಿಟ್ಟೆ. ಸಕ್ಕರೆ ಎರಡು ಸಲ ಹಾಕಿದೆ, ಚಹಾಪುಡಿ ಹಾಕಲು ಮರೆತೆ. ನಮ್ಮ ಮನೆಯವರು ಅದನ್ನು ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟು, "ಇವತ್ತಿನ ಚಾ ಬೆಳ್ಳಗ ಐತಲ್ಲ" ಎಂದರು. ಅಷ್ಟೆ. ಅವರು ಯಾವುದಕ್ಕೂ ಹೆಸರಿಡುವವರಲ್ಲ.

ಹೆಸರಿಡುವವನು ನನ್ನ ಮಗ ಗುರುಪಾದ. ಸುಮಿಯ ಅಪ್ಪ. ಸಾಲಿ ಮಾಸ್ತರ. ಕನ್ನಡಕ ಹಣೆಗೇರಿಸಿ ಸೀಡಿಯ ಡಬ್ಬಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ಅವ್ವಾ, ಹೆಸರ ಹಾಕಿದ್ರ ಆತೇನ? ಒಳಗ ಮಿಷಿನ್ ಬಾರಿಸಿದ್ರೂ ಬಾರಿಸಿರಬಹುದು. ಹಾಕಿ ಕೇಳೂತನಾ ಕುಣಿಬ್ಯಾಡ."

"ಹಾಕಲ್ಲ ಮತ್ತ."

"ಕರೆಂಟ್ ಎಲ್ಲೈತಿ? ಮೂರಕ್ಕ ಬರ್ತೈತಿ."

ಆ ಮಿಷಿನ್ನಿನ ಮಾತಿನ ಹಿಂದೆ ಒಂದು ಕತೆಯಿದೆ. ಹುಬ್ಬಳ್ಳಿಯ ರೆಕಾರ್ಡಿಂಗ್ ಮಾಡುವವನೊಬ್ಬ ಈ ಹುಡುಗಿಯ ಬದಲು ಡ್ರಮ್ ಬಾರಿಸುವ ಮಿಷಿನ್ ಇಟ್ಟರಾಯಿತು ಎಂದಿದ್ದ. ಹೆಸರು ಇವಳದು, ಕೈ ಮಿಷಿನ್ನಿನದು ಎಂದಾದರೆ ಏನು ಬಂತು? ಆಮೇಲೆ ಏನಾಯಿತೆಂದು ಸುಮಿ ನನಗೆ ಹೇಳಿಯೇ ಇರಲಿಲ್ಲ. "ಕೇಳಿದಾಗ ನಿನಗ ಗೊತ್ತಾಗ್ತೈತಿ ತಗೋ ಆಯಿ" ಎಂದು ನಕ್ಕು ಹೋಗಿದ್ದಳು. ಹೀಗಾಗಿ ಮೂರು ಗಂಟೆಯವರೆಗೆ ನಾನು ಆ ಸೀಡಿಯನ್ನು ಉಡಿಯಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತೆ. ಕುಳಿತವಳ ತಲೆ ಎಲ್ಲೆಲ್ಲಿಗೆ ಹೋಗುತ್ತದೆ ನಿಮಗೇ ಗೊತ್ತಲ್ಲ.

ಸೀಡಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಷ್ಟು ತೆಳು ಅಂತೀರಿ. ನಮ್ಮತ್ತೆ ಇದ್ದಿದ್ದರೆ ಬೆಳಕಿಗೆ ಹಿಡಿದು ನೋಡಿ, "ಹಾಂ, ಇಷ್ಟ ತೆಳ್ಳಗ ಬಡೀಬೇಕ ರೊಟ್ಟಿ" ಎನ್ನುತ್ತಿದ್ದರು. ಆದರೆ ಆ ನಡುವಿನ ತೂತು ನೋಡಿ ಒಪ್ಪುತ್ತಿರಲಿಲ್ಲ. ನಡುವೆ ತೂತು ಬಿದ್ದ ರೊಟ್ಟಿಯನ್ನು ಅವರು ಬುಟ್ಟಿಗೆ ಸೇರಿಸುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಬಡಿದದ್ದೆಲ್ಲ ತೂತೇ. ಒಮ್ಮೆ ಅತ್ತೆ ರೊಟ್ಟಿಯನ್ನು ಕಣ್ಣಿಗೆ ಹಿಡಿದು ಆ ತೂತಿನಿಂದಲೇ ನನ್ನನ್ನು ನೋಡಿ, "ತವರಮನಿ ಕಾಣಸ್ತೈತೇನ ಇದರಾಗ?" ಎಂದು ಕೇಳಿದ್ದರು. ನನ್ನ ತವರುಮನೆ ಮನಗೂಳಿ. ಕಾಣಿಸಲಿಲ್ಲ, ಕಣ್ಣಲ್ಲಿ ನೀರು ಬಂದಿತ್ತು.

ಇರಲಿ, ಬ್ಯಾಂಡಿನ ಮಾತು ಹೇಳುತ್ತೇನೆ. ಸುಮಿ ವಿಜಾಪುರದ ಕಾಲೇಜಿಗೆ ಹೋದ ವರ್ಷ ಒಂದು ಶನಿವಾರ ಮನೆಗೆ ಬಂದು, "ಆಯಿ, ನಾವ್ ನಾಕ್ ಮಂದಿ ಕೂಡಿ ರಾಕ್ ಬ್ಯಾಂಡ್ ಮಾಡೇವಿ" ಎಂದಳು. ನನಗೆ ಕೇಳಿಸಿದ್ದು "ರೊಕ್ಕ ಬಂದ್ ಮಾಡೇವಿ" ಎಂದು. ನಮ್ಮ ಕಡೆ ದುಡ್ಡಿಗೆ ರೊಕ್ಕ ಎನ್ನುತ್ತೇವೆ. ಈ ಹುಡುಗರು ಊಟದ ರೊಕ್ಕ ಕೊಡುವುದನ್ನು ಬಂದ್ ಮಾಡಿ ಉಪವಾಸ ಕೂತಿದ್ದಾರೆಂದು ತಿಳಿದು, ಆ ಸೋಮವಾರ ಮೂವತ್ತು ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಒಂದು ಡಬ್ಬಿ ಮೊಸರು ಕಟ್ಟಿ ಕಳಿಸಿದೆ. ನಾಲ್ಕೂ ಜನ ತಿಂದು ಮುಗಿಸಿ ಖಾಲಿ ಡಬ್ಬಿಯಲ್ಲಿ ಚೀಟಿ ಇಟ್ಟಿದ್ದರು: "ರೊಕ್ಕ ಬಂದ್ ಚಿರಾಯುವಾಗಲಿ. ಇನ್ನೂ ಹಿಂಡಿ ಬೇಕು." ಅವರು ಮೊದಲು ಇಟ್ಟುಕೊಂಡಿದ್ದ ಹೆಸರು ಏನೋ ಇಂಗ್ಲಿಷಿನದು ಇತ್ತು. ಅದು ಹೋಗಿ ಇದೇ ನಿಂತಿತು. ಸೀಡಿಯ ಮುಖದ ಮೇಲೆ ಈಗಲೂ ದೊಡ್ಡದಾಗಿ "ರೊಕ್ಕ ಬಂದ್" ಎಂದೇ ಇದೆ. ನನ್ನ ಕಿವಿಯ ದೋಷ ಅಚ್ಚಾಗಿ ಅಂಗಡಿಗೆ ಹೋಗಿದೆ.

ನಾಲ್ವರೂ ನಾಲ್ಕು ತಾಲೂಕಿನವರು. ಹಾಡುವ ಸಂಗಮೇಶ ಬಸವನ ಬಾಗೇವಾಡಿಯವನು. ಗಿಟಾರಿನ ಸಿದ್ಧಾರ್ಥ ಇಂಡಿಯವನು, ಬಂದಾಗಲೆಲ್ಲ ಒಂದು ಚೀಲ ನಿಂಬೆಹಣ್ಣು ತರುವವನು. ದಪ್ಪ ತಂತಿಯ ಇನ್ನೊಂದು ಗಿಟಾರು ಬಾರಿಸುವ ಪ್ರಕಾಶ ಮುದ್ದೇಬಿಹಾಳದವನು, ಮಾತು ಕಡಿಮೆ, ಊಟ ಜಾಸ್ತಿ. ಡ್ರಮ್ಮಿಗೆ ನಮ್ಮ ಸಿಂದಗಿಯ ಸುಮಿ.

ಇವಳ ಕೈಗೆ ಬಾರಿಸುವ ಚಟ ಹತ್ತಿದ್ದು ನನ್ನಿಂದಲೇ. ಆರು ವರ್ಷದವಳಿದ್ದಾಗ ಹೋಳಿ ಹುಣ್ಣಿಮೆಯ ದಿನ ಅಳುತ್ತ ಒಳಗೆ ಬಂದಳು. "ಆಯಿ, ನನಗ ಹಲಗಿ ಬೇಕು" ಎಂದಳು. ನಾನು ಒಲೆ ಮುಂದಿದ್ದೆ. ಆಟದ ರೊಟ್ಟಿ ಮಾಡಲಿಕ್ಕೆ ಕೇಳುತ್ತಿದ್ದಾಳೆಂದು ರೊಟ್ಟಿ ಬಡಿಯುವ ಮರದ ಹಲಗೆಯನ್ನೇ ಎತ್ತಿ ಕೊಟ್ಟೆ. ಅವಳು ಕೇಳಿದ್ದು ಓಣಿಯ ಹುಡುಗರು ಕಾಮಣ್ಣನ ಮುಂದೆ ಬಾರಿಸುವ ಚರ್ಮದ ಹಲಗಿ. ಹೆಣ್ಣುಹುಡುಗಿ ಎಂದು ಅವರು ಕೊಟ್ಟಿರಲಿಲ್ಲವಂತೆ. ಕೂಸು ಕೈಯಲ್ಲಿ ರೊಟ್ಟಿ ಹಲಗೆ ಹಿಡಿದು ಒಂದು ಗಳಿಗೆ ನನ್ನ ಮುಖ ನೋಡಿತು. ಆಮೇಲೆ ಅದನ್ನೇ ಕುತ್ತಿಗೆಗೆ ಹಗ್ಗದಿಂದ ಕಟ್ಟಿಕೊಂಡು ಬಾರಿಸುತ್ತ ಓಣಿಗೆ ಇಳಿಯಿತು. ಆ ದಿನ ನಮ್ಮ ಮನೆಯಲ್ಲಿ ರೊಟ್ಟಿ ಇಲ್ಲ, ಅನ್ನ ಸಾರು. ಹಲಗೆ ಸಂಜೆ ಬಂತು, ಬಣ್ಣ ಮೆತ್ತಿಕೊಂಡು. ಇನ್ನೂ ಅದರ ಒಂದು ಮೂಲೆ ಗುಲಾಬಿಯಾಗಿಯೇ ಇದೆ.

ಅವರ ಮೊದಲನೆಯ ಆಲ್ಬಮ್ ಕ್ಯಾಸೆಟ್ಟು. ಅದರ ಹಾಡುಗಳೆಲ್ಲ ಬೆಂಕಿ, ಬಿರುಗಾಳಿ, ಸಿಡಿಲು, ಹೀಗೆ. ಸಂಗಮೇಶ ಯಾರಿಗೋ ಬೈದ ಹಾಗೆ ಹಾಡಿದ್ದ. ಸಿದ್ಧಾರ್ಥನ ಗಿಟಾರು ಕಟ್ಟಿಗೆ ಕೊಯ್ಯುವ ಮಿಷಿನ್ನು. ನಮ್ಮ ಸುಮಿಯಂತೂ ಹಾಡಿನ ಮೊದಲಿನಿಂದ ಕೊನೆಯವರೆಗೆ ಕೈ ಎತ್ತಿರಲಿಲ್ಲ. ಗುರುಪಾದ ಅಂಗಳದಲ್ಲಿ ಟೇಪ್ ಇಟ್ಟು ಹಚ್ಚಿದ. ಪಕ್ಕದ ಮನೆಯ ಚಂದ್ರವ್ವ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ್ದಳು. ಸಿಡಿಲು ಬಂತೆಂದು ಓಡಿ ಹೋಗಿ ಎಲ್ಲವನ್ನೂ ಬಾಚಿ ಮೊರಕ್ಕೆ ತುಂಬಿಕೊಂಡು ಕೆಳಗಿಳಿದು ಬಂದು, "ಮ್ಯಾಲ ಒಂದ್ ಮೋಡಾನೂ ಇಲ್ಲಲ್ಲವ್ವಾ" ಎಂದಳು.

ಸುಮಿ ನನ್ನನ್ನು ಕೇಳಿದಳು. "ಆಯಿ, ಹೆಂಗೈತಿ?"

ನಾನು ಸುಳ್ಳು ಹೇಳಬಾರದು, ಕೂಸಿನ ಮನಸ್ಸೂ ನೋಯಬಾರದು. "ಪತ್ರಾಸಿನ ಮ್ಯಾಲ ಆಲಿಕಲ್ಲ ಬಿದ್ದಂಗ ಐತಿ" ಎಂದೆ.

ಅವಳು ನನ್ನನ್ನು ತಬ್ಬಿಕೊಂಡು ಗಲ್ಲಕ್ಕೆ ಮುತ್ತು ಕೊಟ್ಟಳು. ತಗಡಿನ ಮೇಲೆ ಆಲಿಕಲ್ಲು, ಅದೇ ಬೇಕಾಗಿತ್ತಂತೆ. ಆ ಮಾತನ್ನು ತನ್ನ ವಹಿಯಲ್ಲಿ ಬರೆದುಕೊಂಡಳು. ನಾನು ಏನು ಹೇಳಿದರೂ ಅದು ಹೊಗಳಿಕೆಯಾಗುವ ಕಾಲ ಅದು.

ಆ ಕ್ಯಾಸೆಟ್ಟನ್ನು ಮನೆಯಲ್ಲಿ ಯಾರೂ ಎರಡನೆಯ ಸಲ ಹಚ್ಚಲಿಲ್ಲ. ನಾನು ಸಮಾಧಾನ ಮಾಡಲು, "ಮೊದಲ ರೊಟ್ಟಿ ಯಾವಾಗೂ ಹಂಗ. ಹಂಚ ಇನ್ನಾ ಕಾದಿರೂದಿಲ್ಲ" ಎಂದಿದ್ದೆ. ಅದು ನಿಜವೇ. ನಲವತ್ತೆಂಟು ವರ್ಷದಿಂದ ಬಡಿಯುತ್ತಿದ್ದೇನೆ, ನನ್ನ ಮೊದಲ ರೊಟ್ಟಿ ಇಂದಿಗೂ ಒಂದು ಕಡೆ ಹಸಿ, ಒಂದು ಕಡೆ ಕರಕು.

ಈಗ ಆ ಮಿಷಿನ್ನಿನ ಕತೆ. ಎರಡನೆಯ ಆಲ್ಬಮ್ಮಿನ ಹೊತ್ತಿಗೆ ಹುಡುಗರು ಬದಲಾಗಿದ್ದರು. ಒಂದು ರವಿವಾರ ನಾಲ್ವರೂ ನಮ್ಮ ಹಿತ್ತಿಲಿನಲ್ಲಿ ಮೊದಲು ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ತಾಲೀಮು ಮಾಡುತ್ತಿದ್ದರು. ಸಂಗಮೇಶ ಹೊಸ ಹಾಡು ಕಟ್ಟಿ ತಂದಿದ್ದ. ಅವನ ತಾಯಿಯ ತವರು ಹಳೆಯ ಕೊಲ್ಹಾರ. ಕೃಷ್ಣೆಯ ಹಿನ್ನೀರು ಬಂದು ಆ ಮನೆ ನೀರಿನ ಕೆಳಗೆ ಹೋಯಿತು. ಊರು ಮೇಲಕ್ಕೆ ಬಂದು ಕೂತಿತು. ಬಸ್ಸಿನಲ್ಲಿ ಸೇತುವೆ ದಾಟುವಾಗ ಆ ತಾಯಿ, ಎಂಥ ಮಾತಿನ ನಡುವೆ ಇದ್ದರೂ, ಸುಮ್ಮನಾಗುತ್ತಾಳಂತೆ. ಸೇತುವೆ ಮುಗಿದ ಮೇಲೆ ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಾಳಂತೆ. ಹಾಡು ಅಷ್ಟೇ. ಬೆಂಕಿಯಿಲ್ಲ, ಬಿರುಗಾಳಿಯಿಲ್ಲ. ಸಂಗಮೇಶ ಅದನ್ನು ಬೈದ ಹಾಗಲ್ಲ, ಪಕ್ಕದಲ್ಲಿ ಕೂತು ಹೇಳಿದ ಹಾಗೆ ಹಾಡುತ್ತಿದ್ದ. ನಾನು ಹಿಟ್ಟು ನಾದುವುದನ್ನು ಬಿಟ್ಟು ಕಿವಿಗೊಟ್ಟೆ. ಅಷ್ಟರಲ್ಲಿ ನಮ್ಮವಳ ಡ್ರಮ್ಮು ಶುರುವಾಯಿತು. ಸೇತುವೆಯೂ ಇಲ್ಲ, ತಾಯಿಯೂ ಇಲ್ಲ, ಬರೀ ಆಲಿಕಲ್ಲು.

ಸ್ವಲ್ಪ ಹೊತ್ತಿಗೆ ಸಂಗಮೇಶನದೂ ಸುಮಿಯದೂ ಜಗಳ ಕೇಳಿಸಿತು.

"ಸುಮಿ, ಸಣ್ಣಗ ಬಾರಿಸು ಅಂತ ಎಷ್ಟ್ ಸಲ ಹೇಳಬೇಕು?"

"ಸಣ್ಣಗ ಬಾರಿಸಿದ್ರ ಡ್ರಮ್ ಯಾಕ ಬೇಕು? ತಾಳ ಹಿಡ್ಕೊಂಡ ಕುಂದರ್ಲೇನು?"

"ಹುಬ್ಬಳ್ಳಿಯಂವ ಹೇಳೇ ಬಿಟ್ಟಾನ. ಮಿಷಿನ್ ಇಡ್ರಿ ಅಂದಾನ. ಅದಕ್ಕರೆ ಸಣ್ಣಗ ಆಗು ಅಂದ್ರ ಆಗ್ತೈತಿ."

ಸುಮಿ ಒಳಗೆ ಬಂದಳು. ಅಳಲಿಲ್ಲ. ನನ್ನ ಪಕ್ಕ ಕೂತು, ಹಿಟ್ಟಿನ ಉಂಡೆ ಕಿತ್ತುಕೊಂಡು, ಗುಲಾಬಿ ಮೂಲೆಯ ಹಲಗೆ ಎಳೆದುಕೊಂಡು ಬಡಿಯತೊಡಗಿದಳು. ಅದು ಬಡಿಯುವುದಲ್ಲ, ಹೊಡೆಯುವುದು. ಮೊದಲನೆಯದು ಹರಿಯಿತು. ಎರಡನೆಯದು ಹರಿಯಿತು. ಮೂರನೆಯದಕ್ಕೆ ನಾನು ಸಂಗೀತವನ್ನೂ ಮಿಷಿನ್ನನ್ನೂ ಮರೆತು, ಹಿಟ್ಟು ಹಾಳಾಗುವ ಸಿಟ್ಟಿಗೆ ಬೈದೆ.

"ಏ ಹುಚ್ಚಿ, ನಡುವ ಎಷ್ಟರೆ ಬಡಿ, ಅಂಚಿಗೆ ಬಂದಾಗ ಕೈ ಹಗುರ ಮಾಡ್ಬೇಕ. ತಿರುವೂ ಮುಂದ ಕೈ ಎತ್ತಬೇಕ. ಎತ್ತಲಿಲ್ಲಂದ್ರ ರೊಟ್ಟಿ ತಿರುಗೂದ ಹೆಂಗ?"

ಅವಳ ಕೈ ನಿಂತಿತು. "ಏನಂದಿ?"

"ಕೈ ಎತ್ತಬೇಕ ಅಂದೆ."

"ನೀ ಬಡಿ ನೋಡೋಣು."

ಬಡಿದೆ. ಅವಳು ಕಣ್ಣು ಮುಚ್ಚಿ ಕೂತಳು. ನನ್ನನ್ನು ಅಣಕಿಸುತ್ತಿದ್ದಾಳೆಂದು ಒಂದು ಏಟು ಹಾಕಬೇಕೆಂದುಕೊಂಡೆ, ಕೈಯಲ್ಲಿ ಹಿಟ್ಟಿತ್ತು. "ಇನ್ನೊಂದು" ಎಂದಳು. ಬಡಿದೆ. ಹೊರಳಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ಮೂವರೂ ಹುಡುಗರು ನಿಂತಿದ್ದಾರೆ, ಸಿದ್ಧಾರ್ಥನ ಕೈಯಲ್ಲಿ ಟೇಪ್ ರೆಕಾರ್ಡರ್. ನನಗೆ ನಾಚಿಕೆಯಾಯಿತು. ಸೆರಗು ಸರಿಮಾಡಿಕೊಂಡೆ. ಫೋಟೋ ತೆಗೆಸಿಕೊಳ್ಳುವವರು ಕತ್ತು ನಿಗುರಿಸುವಂತೆ ನನ್ನ ಕೈಯೂ ನಿಗುರಿಕೊಂಡಿತು, ಬಳೆ ಬೇಕಂತಲೇ ಝಣಝಣ ಮಾಡಿದೆ.

"ಆಯಿ, ನಾಟಕ ಮಾಡಬ್ಯಾಡ. ರೊಟ್ಟಿ ಮಾಡು" ಎಂದಳು ಸುಮಿ.

ಪ್ರಕಾಶ ಆ ದಿನ ಆಡಿದ್ದು ಒಂದೇ ಮಾತು: "ಹಂಚಿನ ಮ್ಯಾಗಿಂದು ಕರಕಾತ್ರಿ ಆಯಿ." ಹೌದು, ಕರಕಾಗಿತ್ತು.

ಅದಾದ ಮೇಲೆ ಅವರು ಹುಬ್ಬಳ್ಳಿಗೆ ಹೋದರು, ಬಂದರು, ಮತ್ತೆ ಹೋದರು. ನಾನು ಕೇಳಿದರೆ ಸುಮಿ, "ಈ ಆಲ್ಬಮ್ ಭಾಳ ಮೆಚ್ಯೂರ್ ಆಗೇತಿ ಆಯಿ" ಎಂದಳು. ಮೆಚ್ಯೂರ್ ಎನ್ನುವ ಇಂಗ್ಲಿಷ್ ಮಾತು ನನಗೆ ಗೊತ್ತಿರುವುದೇ. ಹುಡುಗಿ ದೊಡ್ಡವಳಾದರೆ ನಮ್ಮ ಓಣಿಯಲ್ಲಿ ಹಾಗೆ ಅನ್ನುತ್ತಾರೆ. "ಹಂಗಾರ ಆರತಿ ಮಾಡಿ ಕೊಬ್ಬರಿ ಬೆಲ್ಲ ಹಂಚಬೇಕಲ್ಲ" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಚೇಷ್ಟೆಗೆ ಅಂದಿದ್ದಲ್ಲ. ನಿನ್ನೆ ಬಸ್ ಸ್ಟ್ಯಾಂಡಿನಿಂದ ಬಂದೊಡನೆ ಸೀಡಿಯನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿ ಆರತಿ ಮಾಡಿದೆ. ಕುಂಕುಮವನ್ನು ಡಬ್ಬಿಗೆ ಹಚ್ಚಿದೆ, ಸೀಡಿಗಲ್ಲ. ಅಷ್ಟು ತಿಳಿಯುತ್ತದೆ ನನಗೆ.

ಮೂರು ಗಂಟೆಗೆ ಬರಬೇಕಾದ ಕರೆಂಟು ನಾಲ್ಕಕ್ಕೆ ಬಂತು. ಸೊಸೆ ಕಸ್ತೂರಿ ಕೈ ಒರೆಸಿಕೊಳ್ಳುತ್ತ ಬಂದಳು. ಚಂದ್ರವ್ವನೂ ಬಂದಳು, ಹಪ್ಪಳ ಮೊದಲೇ ತೆಗೆದಿಟ್ಟು ಬಂದಿದ್ದೇನೆಂದು ಹೇಳಿದಳು. ಗುರುಪಾದ ಸೀಡಿ ಹಾಕಿ ಗುಂಡಿ ಒತ್ತಿ ಪರೀಕ್ಷೆ ಮಾಡಲು ಕೂತ ಮಾಸ್ತರನಂತೆ ಕೈ ಕಟ್ಟಿ ಕೂತ.

ಏನು ಹೇಳಲಿ. ಅದೇ ಹುಡುಗರು, ಆದರೆ ಮೀಸೆ ಬಂದ ಹುಡುಗರು. ಸಿದ್ಧಾರ್ಥನ ಗಿಟಾರು ಕಟ್ಟಿಗೆ ಕೊಯ್ಯುವುದನ್ನು ಬಿಟ್ಟು ಬೇಕಾದಲ್ಲಿ ಒಂದೊಂದೇ ಹನಿ ನಿಂಬೆರಸ ಹಿಂಡಿದ ಹಾಗೆ ಬರುತ್ತದೆ. ಪ್ರಕಾಶನದು ಎರಡು ಓಣಿಯಾಚೆ ಹಿಟ್ಟಿನ ಗಿರಣಿ ನಡೆದಂತೆ ಕೆಳಗೆ ಗುಂಯ್ ಎನ್ನುತ್ತಲೇ ಇರುತ್ತದೆ. ನಿಂತರೆ ಮಾತ್ರ ಅದು ಇತ್ತೆಂದು ಗೊತ್ತಾಗುವುದು. ಒಂದು ಹಾಡಿನಲ್ಲಿ ಮೊದಲಿನ ಹಾಗೆ ಕಿರುಚಿದ್ದಾರೆ. ಅದೂ ಚಂದವಿದೆ, ಏಕೆಂದರೆ ಅದು ಒಂದೇ ಇದೆ. ಡ್ರಮ್ಮು ಚೆನ್ನಾಗಿ ಇತ್ತು. ಆದರೆ ಚೆನ್ನಾಗಿದ್ದರೆ ಮಿಷಿನ್ನೇ ಇದ್ದರೂ ಇರಬಹುದಲ್ಲ. ನಾನು ಗುರುಪಾದನ ಮುಖ ನೋಡಿದೆ, ಅವನು ನನ್ನ ಮುಖ ನೋಡಲಿಲ್ಲ.

ನಾಲ್ಕನೆಯದು ಸೇತುವೆಯ ಹಾಡು. ಸಂಗಮೇಶ ಬಸ್ಸು ಹತ್ತಿದ, ತಾಯಿ ಮಾತಾಡುತ್ತಿದ್ದಾಳೆ, ಸೇತುವೆ ಬಂತು. ಎಲ್ಲವೂ ನಿಂತಿತು. ಗಿಟಾರು ನಿಂತಿತು, ಗಿರಣಿ ನಿಂತಿತು. ಕರೆಂಟು ಹೋಯಿತೆಂದು ಕಸ್ತೂರಿ ಎದ್ದೇ ಬಿಟ್ಟಳು. ಆಗ ಬಹಳ ದೂರದಿಂದ ತಟ, ತಟ, ತಟ. ನಡುವೆ ಗಟ್ಟಿಯಾಗಿ, ಅಂಚಿಗೆ ಹೋಗುತ್ತ ಹಗುರಾಗಿ. ಮತ್ತೆ ಕೈ ಎತ್ತಿದ್ದು. ರೊಟ್ಟಿ ತಿರುಗುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ತಟ, ತಟ.

ನಾನು ಕೂತಲ್ಲಿಯೇ ಕೈ ಆಡಿಸುತ್ತಿದ್ದೆನಂತೆ, ಚಂದ್ರವ್ವ ಹೇಳಿದ್ದು. ನನಗೆ ಗೊತ್ತಿಲ್ಲ. ಆ ಎತ್ತಿದ ಕೈ ನನಗೆ ಕೇಳಿಸಿತು. ಮಿಷಿನ್ನಿಗೆ ನಿಲ್ಲು ಎಂದರೆ ನಿಲ್ಲಬಹುದು, ಆದರೆ ಮುಂದಿನ ಏಟಿಗೆ ಮುಂಚೆ ಹಿಟ್ಟು ಎಷ್ಟು ದಪ್ಪ ಇದೆ ಎಂದು ನೋಡುತ್ತದೆಯೇ? ಇವಳು ನೋಡಿದ್ದಳು.

ಗುರುಪಾದ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ಮಿಷಿನ್ ಅಲ್ಲ ಬಿಡವ್ವಾ" ಎಂದ. "ಮಿಷಿನ್ ಇಷ್ಟ್ ಪುರಸತ್ತಿಲೆ ಬಾರಸೂದಿಲ್ಲ."

ನಾನು ಎದ್ದು ಕುಣಿದೆ. ಅರವತ್ತೈದರ ಮೊಣಕಾಲಿನಲ್ಲಿ ಎಷ್ಟು ಕುಣಿಯಬಹುದೋ ಅಷ್ಟು. ಚಂದ್ರವ್ವ ಕುಣಿದಳು, ಕಸ್ತೂರಿ ನಮ್ಮಿಬ್ಬರನ್ನೂ ಬೀಳದಂತೆ ಹಿಡಿದು ನಿಂತಳು. ಮನೆಯವರು ಮಾತ್ರ ಹಾಡು ಮುಗಿದರೂ ಕಿವಿಯ ಹಿಂದೆ ಕೈಯಿಟ್ಟುಕೊಂಡೇ ಕೂತಿದ್ದರು. ಅವರಿಗೆ ಎಡಗಿವಿ ಮಂದ. "ಮುಗಿತೇನು?" ಎಂದು ಕೇಳಿದರು. "ಮುಗಿತರೀ" ಎಂದೆ. "ಇನ್ನೊಮ್ಮಿ ಹಚ್ಚಂತ ಹೇಳು" ಎಂದರು.

ಏಳು ಗಂಟೆಯ ಬಸ್ಸಿಗೆ ನಾಲ್ವರೂ ಬಂದರು. ಸುಮಿ ಹೊಸ್ತಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದಳು. ನಾನು ಎರಡೂ ಕೈ ಎತ್ತಿ, ಗಾಳಿಯಲ್ಲಿ ಹಾಗೇ ಹಿಡಿದು ತೋರಿಸಿದೆ. ಅವಳು ಚೀಲ ಅಲ್ಲೇ ಬಿಟ್ಟು ಓಡಿ ಬಂದಳು. ಪತ್ರಾಸಿನ ಮೇಲಿನ ಆಲಿಕಲ್ಲಿಗೆ ಒಂದು ಮುತ್ತು ಸಿಕ್ಕಿತ್ತು. ಈ ಸಲ ಎಣಿಸಲು ಬರಲಿಲ್ಲ.

ಅಡಿಗೆಮನೆಯಲ್ಲಿಯೇ ಎಲ್ಲರಿಗೂ ತಾಟು ಹಾಕಿದೆವು. ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು, ಸಿದ್ಧಾರ್ಥನ ಊರಿನ ನಿಂಬೆಹಣ್ಣಿನ ಉಪ್ಪಿನಕಾಯಿ. ಸುಮಿ ಬಾರಿಸಿದ್ದು ಕೇಳಿ ಹುಬ್ಬಳ್ಳಿಯವನ ಮುಖ ಹೇಗಾಯಿತೆಂದು ಸಂಗಮೇಶ ಮಾಡಿ ತೋರಿಸಿದ. "ನಾ ಮಿಷಿನ್ ಅಂದಿದ್ದ ಮಾತು ಬಿಟ್ಟಬಿಡು ಸುಮಿ" ಎಂದೂ ಅಂದ. "ಬಿಡೂದಿಲ್ಲ, ನೀರ ತಂದ ಕೊಡು" ಎಂದಳು ಅವಳು. ಅವನು ತಂದು ಕೊಟ್ಟ. ಪ್ರಕಾಶ ಮಾತಾಡದೆ ಊಟ ಶುರು ಮಾಡಿದ್ದ.

ಹಲಗೆಯ ಮುಂದೆ ಸುಮಿ ಕೂತಳು, ಹಂಚಿನ ಮುಂದೆ ನಾನು. ಮೊದಲ ರೊಟ್ಟಿ ಎಂದಿನಂತೆ ಒಂದು ಕಡೆ ಹಸಿ, ಒಂದು ಕಡೆ ಕರಕು. ಪಕ್ಕಕ್ಕೆ ಸರಿಸಿದೆ. ಮನೆಯವರು ಕೈ ಚಾಚಿ ಅದನ್ನು ತೆಗೆದುಕೊಂಡರು. ಅದನ್ನು ಯಾವಾಗಲೂ ಅವರೇ ತಿನ್ನುವುದು. ಮದುವೆಯಾದ ವರ್ಷದ ತೂತಿನ ರೊಟ್ಟಿಗಳನ್ನು ಅತ್ತೆ ಬುಟ್ಟಿಯಿಂದ ತೆಗೆದಿಟ್ಟರೆ ಅವೂ ಹೀಗೇ ಕಾಣೆಯಾಗುತ್ತಿದ್ದವು.

ಕೂತಾಗ ಅವರ ಅಂಗಿಯ ಕಿಸೆಯಿಂದ ಏನೋ ಜಾರಿ ಟಕ್ಕೆಂದು ನೆಲಕ್ಕೆ ಬಿತ್ತು. ಸುಮಿ ಎತ್ತಿ ನೋಡಿದಳು. ಬೆಂಕಿ ಬಿರುಗಾಳಿಯ ಆ ಮೊದಲ ಕ್ಯಾಸೆಟ್ಟು. ಮೂಲೆ ಸವೆದು, ಅಕ್ಷರ ಅಳಿಸಿಹೋಗಿತ್ತು. ಮನೆಯವರು ದಿನಾ ಸಂಜೆ ಗಿರಣಿಯ ಕಟ್ಟೆಗೆ ಹೋಗಿ ಅಲ್ಲಿಯ ಟೇಪಿನಲ್ಲಿ ಹಚ್ಚಿಸಿಕೊಂಡು ಕೇಳುತ್ತಿದ್ದರಂತೆ. ಗಿರಣಿಯ ಸದ್ದಿನಲ್ಲಿಯೂ ಎಡಗಿವಿಗೆ ಚೆನ್ನಾಗಿ ಕೇಳುವುದು ಅದೊಂದೇ ಅಂತೆ.

"ಮುತ್ಯಾ" ಎಂದಳು ಸುಮಿ. ಕ್ಯಾಸೆಟ್ಟನ್ನು ಅಜ್ಜನ ಪಕ್ಕದಲ್ಲಿಟ್ಟಳು.

ಅವರು ಕರಕು ರೊಟ್ಟಿಯ ಕೊನೆಯ ತುಂಡನ್ನು ಹಿಂಡಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡು ನಿಧಾನ ಅಗಿದರು.

"ಮೊದಲಿಂದೂ ಛಲೋನ ಇತ್ತು" ಎಂದರು. ಆಮೇಲೆ ತಾಟು ಮುಂದೆ ಸರಿಸಿದರು. "ಈಗ ಎರಡನೇದ್ ಹಾಕ್."

ಹಂಚಿನ ಮೇಲೆ ಉಬ್ಬಿ ನಿಂತಿದ್ದ ಎರಡನೆಯ ರೊಟ್ಟಿಯನ್ನು ಸುಮಿ ಬರಿಗೈಯಲ್ಲೇ ಎತ್ತಿ ಅವರ ತಾಟಿಗೆ ಹಾಕಿದಳು.